ಲೀನಾ ಹೋದಳು, ಹೂವಿನ ಅಂಗಡಿ ಬಂತು

ಇಮೇಜ್ ಪ್ರೊಸೆಸಿಂಗ್, ಅಂದರೆ ಕಂಪ್ಯೂಟರ್‌ನಲ್ಲಿ ಚಿತ್ರಗಳನ್ನು ಸಂಸ್ಕರಿಸೋದನ್ನು, ಕಲಿತವರಿಗೆ ಲೀನಾ ಅನ್ನೋ ಫೋಟೋದ ಹುಡುಗಿ ಗೊತ್ತೇ ಇರುತ್ತಾಳೆ. ಗರಿಯ ಹ್ಯಾಟ್, ಬರಿ ಭುಜ, ತಿರುಗಿ ನೋಡುವ ಮುಖ. ನಾನು ಮೊದಲು ನೋಡಿದ್ದು ಕಾಲೇಜಿನ ಲ್ಯಾಬ್‌ನಲ್ಲಿ. "ಪೂರ್ತಿ ಫೋಟೋ ನೋಡಿದೀರೇನ್ರೋ?" ಅಂತ ಮೇಷ್ಟ್ರು ಹುಡುಗರ ಕಡೆ ನೋಡಿ ನಕ್ಕರು. ಅರ್ಥವಾಗದಿದ್ದರೂ ನಾನೂ ನಕ್ಕೆ.

ಅದು 1972ರ ನವೆಂಬರ್ ತಿಂಗಳ ಪ್ಲೇಬಾಯ್ ಪತ್ರಿಕೆಯ ನಡುಪುಟದ ನಗ್ನ ಚಿತ್ರ. ಮರುವರ್ಷ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಅದರ ಮೇಲಿನ ಭಾಗವನ್ನಷ್ಟೇ 512×512 ಪಿಕ್ಸೆಲ್‌ಗೆ ಸ್ಕ್ಯಾನ್ ಮಾಡಿದರು. ಅಲ್ಲಿಂದ ಅದು ಎಲ್ಲರ ಟೆಸ್ಟ್ ಇಮೇಜ್, ಅಂದರೆ ಹೊಸ ವಿಧಾನಗಳನ್ನು ಪರೀಕ್ಷಿಸಿ ನೋಡುವ ಚಿತ್ರ, ಆಯಿತು.

ಮುಂದೆ ನಾನೇ ಜೆಪೆಗ್ ಬಗ್ಗೆ, ಅಂದರೆ ಸ್ವಲ್ಪ ವಿವರ ಬಿಟ್ಟು ಫೋಟೋ ಫೈಲನ್ನು ಚಿಕ್ಕದು ಮಾಡುವ ವಿಧಾನದ ಬಗ್ಗೆ, ಟಾಕ್ ಕೊಡತೊಡಗಿದೆ. ಮೂರನೇ ಸ್ಲೈಡ್‌ನಲ್ಲಿ ಯಾರು? ಲೀನಾನೇ, ವರ್ಷಗಟ್ಟಲೆ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ "ಮೇಡಂ ಸೀರೆ ಸೂಪರ್" ಅಂತ ಬಂದರೆ ಮಾತ್ರ ಮೈ ಉರಿಯುತ್ತಿತ್ತು. ಜೊತೆಗೆ ಮಾತಾಡಿದ ಸಹೋದ್ಯೋಗಿಯ ಮಾಸಿದ ಟೀ ಶರ್ಟ್ ಬಗ್ಗೆ ಯಾರೂ ಬರೆಯುತ್ತಿರಲಿಲ್ಲ, ಅಲ್ವಾ? ಆದರೆ ಪರದೆಯ ಮೇಲೆ ನಾನೇ ಏನು ಹಾಕಿದ್ದೇನೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಒಮ್ಮೆ ಮುಂದಿನ ಸಾಲಿನ ಹುಡುಗಿ ಕೇಳಿದಳು: "ಮೇಡಂ, ಇವರು ಯಾರು?" ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ನಗು. "ಟೆಸ್ಟ್ ಇಮೇಜ್ ಅಷ್ಟೇ" ಅಂದು ಮುಂದೆ ಹೋದೆ. ಅವಳು ಅದನ್ನೇ ನೋಟ್ಸ್‌ನಲ್ಲಿ ಬರೆದುಕೊಂಡಳು.

ಲೀನಾಳನ್ನು ತೆಗೆಯೋದು ಸುಲಭ, ಬದಲಿ ಹುಡುಕೋದು ಕಷ್ಟ. ಆ ಚಿತ್ರದಲ್ಲಿ ನಯವಾದ ಚರ್ಮವಿದೆ, ಗರಿಗಳ ಸಣ್ಣ ವಿವರವಿದೆ, ಚೂಪಾದ ಅಂಚುಗಳಿವೆ. ಟೆಸ್ಟ್‌ಗೆ ಚೆನ್ನಾಗಿದೆ ಅನ್ನೋದು ಬರೀ ನೆಪವಲ್ಲ. ಇವೆಲ್ಲ ಒಂದೇ ಕಡೆ ನನಗೆ ಸಿಕ್ಕಿದ್ದು ಗಾಂಧಿ ಬಜಾರಿನ ಹೂವಿನ ಅಂಗಡಿಯಲ್ಲಿ. ಮೇಲೆ ನೀಲಿ ಟಾರ್ಪಾಲ್, ಕೆಳಗೆ ಮಲ್ಲಿಗೆ ಮೊಗ್ಗು, ಕನಕಾಂಬರದ ಮಾಲೆ. ಫೋನಿನಲ್ಲಿ ಸುಮ್ನೆ ಕ್ಲಿಕ್ ಮಾಡಿದರೆ ಅದು ಸಾಮಾನ್ಯವಾಗಿ ಮೊದಲೇ ಜೆಪೆಗ್ ಆಗಿಬಿಡುತ್ತದೆ, ಆಮೇಲೆ ಹಾಳಾಗಿದ್ದು ಯಾವುದು ಅಂತ ತಿಳಿಯಲ್ಲ. ಹಾಗಾಗಿ ಕ್ಯಾಮೆರಾ ಕಂಡಿದ್ದನ್ನು ಹಾಗೇ ಇಡುವ ರಾ ಫೈಲ್ ತೆಗೆದು, 512×512ಕ್ಕೆ ಕತ್ತರಿಸಿ, ವಿವರ ಕಳೆಯದ ಪಿಎನ್‌ಜಿ ಮಾಡಿದೆ. ಅದನ್ನು ಜೆಪೆಗ್ ಮಾಡಿ ಕ್ವಾಲಿಟಿ ನೂರಕ್ಕೆ 10ಕ್ಕೆ ಇಳಿಸಿದಾಗ ಟಾರ್ಪಾಲ್ ಮೇಲೆ 8×8 ಪಿಕ್ಸೆಲ್‌ನ ಚೌಕಗಳು ಎದ್ದು ಕಂಡವು. ಮೊಗ್ಗಿನ ಸುತ್ತ ಮಬ್ಬು ಅಲೆಗಳು. ಜೆಪೆಗ್ ಮಾಡುವ ಹಾನಿ ಲೀನಾಗಿಂತ ಚೆನ್ನಾಗೇ ಕಂಡಿತು!

ಅದೇ ರಾತ್ರಿ ಉಳಿದ ಸ್ಲೈಡ್‌ಗಳನ್ನೂ ನೋಡಿದೆ. ಡೆವಲಪರ್ ಚಿತ್ರದಲ್ಲೆಲ್ಲ ಗಂಡಸು. ತಲೆ ಕೆರೆದುಕೊಳ್ಳುವ ಯೂಸರ್ ಮಾತ್ರ ಹೆಂಗಸು. ಹುಡುಕಿ ಹಾಕಿದ್ದು ನಾನೇ.

ಲೀನಾ ಫೋರ್ಸೆನ್ ಅವರೇ 2019ರಲ್ಲಿ, ಮಾಡೆಲಿಂಗ್‌ನಿಂದ ನಿವೃತ್ತಿ ಆಗಿ ಎಷ್ಟೋ ಕಾಲವಾಯಿತು, ಇನ್ನು ಟೆಕ್‌ನಿಂದಲೂ ಆಗಬೇಕು ಅಂದಿದ್ದರು. 2024ರ ಏಪ್ರಿಲ್ 1ರಿಂದ, ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ ಕಂಪ್ಯೂಟರ್ ಸೊಸೈಟಿ ಆ ಚಿತ್ರವಿರುವ ಪೇಪರ್‌ಗಳನ್ನು ತೆಗೆದುಕೊಳ್ಳುತ್ತಿಲ್ಲ.

ಹೂವಿನ ಸ್ಲೈಡ್ ಇಟ್ಟ ಮೊದಲ ಟಾಕ್‌ನಲ್ಲಿ ಮಲ್ಲಿಗೆಯ ಅಂಚು ಯಾಕೆ ಹಾಗಾಯಿತು ಅಂತ ಮೂವರು ಕೇಳಿದರು. ಫಾರ್ಮ್‌ನಲ್ಲಿ "ಸೀರೆ ಸೂಪರ್" ಈ ಸಲವೂ ಇತ್ತು. ಅದರ ಕೆಳಗೇ ಇನ್ನೊಬ್ಬರು, "ಸ್ಲೈಡ್ 14ರಲ್ಲಿ ಅಕ್ಷರ ತೀರಾ ಚಿಕ್ಕದು" ಅಂತ ಬರೆದಿದ್ದರು. ನಿಜ, ದೊಡ್ಡದು ಮಾಡಿದೆ.