ಅಡಿಕೆ ಒಣಗಿಸೋಕೆ ಹೋಗಿ ಕಲಿತದ್ದು

ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ಅಪ್ಪ ಭದ್ರಾವತಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು, ನಾನು ಡಿಪ್ಲೊಮಾ, ಆಮೇಲೆ ಬಿ.ಇ., ಎಂ.ಟೆಕ್ ಅಂತ ಏರಿ ಬಂದೆ. ಪಿಎಚ್‌ಡಿ ಮಾಡಿದ್ದು ಶಾಖ ವರ್ಗಾವಣೆಯಲ್ಲಿ. ಪೂರ್ತಿ ಐದು ವರ್ಷ ಕಂಪ್ಯೂಟರ್ ಮುಂದೆ, ಕೈಗೆ ಗ್ರೀಸ್ ಅಂಟಿದ್ದೇ ಇಲ್ಲ.

ಈ ಅಡಿಕೆ ಉಸಾಬರಿಗೆ ಎಳೆದದ್ದು ತೀರ್ಥಹಳ್ಳಿ ಹತ್ತಿರ ತೋಟ ಇರುವ ನಮ್ಮ ಭಾವ. ಮೊದಲ ಕೊಯ್ಲಿನ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ, ಚಪ್ಪರದ ಮೇಲೆ ಹರವಿದ ಅಡಿಕೆಗೆ ನಾಲ್ಕು ದಿನ ಬಿಸಿಲು ಸಿಗದಿದ್ದರೆ ಬೂಷ್ಟು ಬಂತು ಅಂತಲೇ ಲೆಕ್ಕ. "ಅಷ್ಟೆಲ್ಲ ಓದಿದ್ದೀಯಲ್ಲ ಮಾರಾಯ, ಇದಕ್ಕೊಂದು ದಾರಿ ಮಾಡು" ಅಂದರು.

ಮಾಡಿದೆ, ಬಿಸಿಲಿನ ಶಾಖ ಹಿಡಿದು ಅಡಿಕೆ ಒಣಗಿಸುವ ಒಂದು ಗೂಡು. ಜಿಐ ಪೈಪಿನ ಕಮಾನು, ಮೇಲೆ ಪ್ಲಾಸ್ಟಿಕ್ ಶೀಟು, ಎಲ್ಲೂ ಗಾಳಿ ಸೋರದ ಹಾಗೆ ಭದ್ರ. ಮಧ್ಯಾಹ್ನ ಒಳಗೆ 58 ಡಿಗ್ರಿ ಬಂದಾಗ ಎಷ್ಟು ಖುಷಿಪಟ್ಟೆ ಅಂದರೆ ಥರ್ಮಾಮೀಟರ್ ಫೋಟೊ ತೆಗೆದು ವಿಭಾಗದವರಿಗೆಲ್ಲ ಕಳಿಸಿದೆ. ಮಾರನೇ ಬೆಳಗ್ಗೆ ನೋಡಿದರೆ ಶೀಟಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿದೆ, ನೇರ ಅಡಿಕೆ ಮೇಲೆ! ಹಗಲು ಅಡಿಕೆಯಿಂದ ಎದ್ದ ಆವಿ ರಾತ್ರಿ ತಣ್ಣಗಾದ ಶೀಟಿಗೆ ತಾಗಿ ನೀರಾಗಿ ವಾಪಸ್ ಬಂದಿತ್ತು. ವಾರದಲ್ಲಿ ಎರಡು ತಟ್ಟೆ ಹಾಳು. ಅಕ್ಕ ಬಂದು ಒಂದು ಸಲ ಒಳಗೆ ಮುಖ ಹಾಕಿ, "ಇದು ಬಾಣಂತಿ ಕೋಣೆ ಇದ್ದ ಹಾಗಿದೆಯಲ್ಲೋ, ಕಿಟಕಿ ಇಡು" ಅಂದಳು.

ಅವಳು ಹೇಳಿದ್ದೇ ಸರಿ. ಒಣಗಿಸುವುದು ಅಂದರೆ ಬಿಸಿ ಮಾಡುವುದಷ್ಟೇ ಅಲ್ಲ, ತೇವವನ್ನು ಹೊರಗೆ ಹಾಕುವುದು. ಇದನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುವವನೇ ನಾನು! 25 ಡಿಗ್ರಿಯ, 90 ಪರ್ಸೆಂಟ್ ತೇವಾಂಶದ ಗಾಳಿಯನ್ನು 45ಕ್ಕೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಸುಮಾರು 30ಕ್ಕೆ ಇಳಿಯುತ್ತದೆ, ಗಾಳಿಗೆ ಬಾಯಾರಿಕೆ ಬರುತ್ತದೆ. ಆದರೆ ಅದು ಕುಡಿದು ಆಚೆ ಹೋಗಬೇಕಲ್ವಾ, ಅಲ್ಲೇ ಕೂತರೆ ಏನು ಪ್ರಯೋಜನ? ಕೆಳಗೆ ಕಿಂಡಿ, ಮೇಲೆ ಚಿಮಣಿ, ಒಂದು ಸಣ್ಣ ಫ್ಯಾನು ಇಟ್ಟೆ. ಒಳಗಿನ ಬಿಸಿ 46ಕ್ಕೆ ಇಳಿಯಿತು, ಅಡಿಕೆ ಮಾತ್ರ ಬೇಗ ಒಣಗಿತು.

ಕರೆಂಟಿನಲ್ಲೇ ಮಾಡಿ ಅನ್ನುವವರಿಗೆ ಒಂದು ಲೆಕ್ಕ. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.67 ಯೂನಿಟ್ ಬೇಕು. 40 ಕಿಲೋ ನೀರು ತೆಗೆಯಲು 27 ಯೂನಿಟ್, ಅದೂ ಒಂದಿಷ್ಟೂ ಶಾಖ ಪೋಲಾಗದಿದ್ದರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಬೇರೆ ಹೇಳಬೇಕಾ?

ಅವಸರ ಮಾಡಿ ಒಂದು ತಟ್ಟೆಯನ್ನು ಜಾಸ್ತಿ ಬಿಸಿಗೆ ಇಟ್ಟದ್ದೂ ಉಂಟು. ಹೊರಮೈ ಗಟ್ಟಿಯಾಯಿತು, ಒಡೆದರೆ ನಡುವೆ ಹಸಿ. ಒಳಗಿನ ನೀರು ನಿಧಾನಕ್ಕೆ ಹೊರಮೈಗೆ ಬರಬೇಕು, ಅದಕ್ಕೆ ಸಮಯ ಕೊಡಲೇಬೇಕು. ಒಳಗೂ ಒಣಗಿದೆಯೋ ಇಲ್ಲವೋ ಅನ್ನುವುದನ್ನು ಭಾವ ಎರಡು ಅಡಿಕೆ ಕುಟ್ಟಿ, ಸದ್ದು ಕೇಳಿಯೇ ಹೇಳುತ್ತಾರೆ. ಉಳಿದ ತೇವ ಎಷ್ಟು ಅಂತ ಅಳೆಯಲು ನನಗೆ 105 ಡಿಗ್ರಿಯ ಅವನ್, 24 ಗಂಟೆ, ತಕ್ಕಡಿ, ನಿದ್ದೆಗೆಟ್ಟ ಇಬ್ಬರು ವಿದ್ಯಾರ್ಥಿಗಳು ಬೇಕು.

ಮಂಡಿಯಲ್ಲಿ ಯಾರೂ ನನ್ನ ಗ್ರಾಫ್ ಕೇಳುವುದಿಲ್ಲ, ಬಣ್ಣ ಮತ್ತು ಹೊಳಪು ನೋಡುತ್ತಾರೆ. ಅದಕ್ಕೇ ಈಗ ಯಾವ ಪ್ರಯೋಗ ಮಾಡಿದರೂ ಕೊನೆಗೆ ಒಂದು ಮುಷ್ಟಿ ಅಡಿಕೆ ಭಾವನ ಕೈಗೆ ಹಾಕುತ್ತೇನೆ, ಅವರು ಮೂಗು ಮುರಿದರೆ ಆ ಬ್ಯಾಚ್ ಫೇಲ್.

ರಾತ್ರಿಯ ತೊಂದರೆ ಇನ್ನೂ ಇದೆ. ಹಗಲಿನ ಬಿಸಿ ಹಿಡಿದಿಡಲು ಕೆಳಗೆ ಕಲ್ಲು ತುಂಬಬೇಕು ಅಂತಿದ್ದೇನೆ. ಮನೆ ಹಿಂದೆ ಬಿದ್ದಿರುವ ಜಂಬಿಟ್ಟಿಗೆ ಸಾಕು ಅಂದೆ. "ಅದು ನೀರು ಕುಡಿಯುತ್ತೆ, ಹೊಳೆ ಕಲ್ಲು ಹಾಕು" ಅಂದರು ಭಾವ. ಈ ಸಲ ಹೊಳೆ ಕಲ್ಲೇ ಹಾಕುತ್ತಿದ್ದೇನೆ.