ಡಿಪ್‌ಸ್ಟಿಕ್ ಪೈಪಿನಿಂದಲೇ ಆಯಿಲ್ ತೆಗೆಯುವುದು: ನನ್ನ ಅನುಭವ

ನಮ್ಮ ಕಾರಿನ ಆಯಿಲ್ ಚೇಂಬರಿನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಥ್ರೆಡ್ ಹೋದ ದಿನವೇ ಹಳೆ ಎಂಜಿನ್ ಆಯಿಲ್ ತೆಗೆಯುವ ಕೆಲಸವನ್ನು ಮನೆಯಲ್ಲೇ ಕಲಿಯಬೇಕು ಅಂತ ತೀರ್ಮಾನ ಮಾಡಿದೆ. ಒಂದು ಗ್ಯಾರೇಜಿನಲ್ಲಿ, ಆಯಿಲ್ ಇಳಿಸಲು ಚೇಂಬರಿನ ತಳದಲ್ಲಿರುವ ಡ್ರೈನ್ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಬಿಗಿದಿದ್ದರು. ಮುಂದಿನ ಸಲ ಬಿಚ್ಚಿದಾಗ ಅಲ್ಯೂಮಿನಿಯಂ ಥ್ರೆಡ್ಡೂ ಬೋಲ್ಟಿನ ಜೊತೆಗೇ ಕಿತ್ತು ಬಂತು. ಹೊಸ ಚೇಂಬರ್ ಹಾಕಿಸಿದೆ. ವರ್ಷಕ್ಕೊಂದು ಸಲ ಆ ಬೋಲ್ಟ್ ಯಾರ ಕೈಗೆ ಹೋಗುತ್ತೋ ಅನ್ನೋ ಚಿಂತೆ ಮಾತ್ರ ಉಳಿಯಿತು.

ನಮ್ಮ ಮನೆ ಕೋಲಾರದಲ್ಲಿ, ಅಂತರಗಂಗೆ ಬೆಟ್ಟದ ಕಡೆ. ದಿನಾ ನರಸಾಪುರದ ಫ್ಯಾಕ್ಟರಿಗೆ ಹೋಗಿ ಬರುತ್ತೇನೆ. ವರ್ಷಕ್ಕೆ ಹೆಚ್ಚುಕಡಿಮೆ 10,000 ಕಿಲೋಮೀಟರ್ ಆಗುತ್ತದೆ. ಮನೆ ಮುಂದೆ ಗುಂಡಿಯಿಲ್ಲ, ಲಿಫ್ಟ್ ಇಲ್ಲ, ಒಂದು ಕಾರು ನಿಲ್ಲುವಷ್ಟು ಸಿಮೆಂಟ್ ನೆಲ ಇದೆ ಅಷ್ಟೇ. ಹಾಗಾಗಿ ಮೇಲಿನಿಂದಲೇ ಆಯಿಲ್ ಎಳೆಯುವ ಕೈಪಂಪಿನ ವ್ಯಾಕ್ಯೂಮ್ ಎಕ್ಸ್‌ಟ್ರ್ಯಾಕ್ಟರ್ ತರಿಸಿದೆ. ಆರು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟ್ಯಾಂಕ್, ಮೇಲೆ ಸೈಕಲ್ ಪಂಪಿನಂಥ ಹಿಡಿ, ಜೊತೆಗೆ ದಪ್ಪ ಸಣ್ಣ ಎರಡು ಕೊಳವೆ.

ಇದು ಕೆಲಸ ಮಾಡುವ ರೀತಿ ಸರಳ. ಹಿಡಿ ಮೇಲೆ ಕೆಳಗೆ ಆಡಿಸಿದರೆ ಟ್ಯಾಂಕಿನ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಎಂಜಿನ್ ಒಳಗಿರುವ ಗಾಳಿಯ ಒತ್ತಡವೇ ಆಯಿಲನ್ನು ಕೊಳವೆಯೊಳಕ್ಕೆ ದೂಡುತ್ತದೆ. ಆ ಒತ್ತಡಕ್ಕೆ ಒಂದು ಮಿತಿ ಇದೆ. ಅದಕ್ಕೇ ತಣ್ಣಗಿನ ಗಟ್ಟಿ ಆಯಿಲ್ ಎಷ್ಟು ಪಂಪ್ ಹೊಡೆದರೂ ಆಮೆಯ ಹಾಗೆ ಬರುತ್ತದೆ. ಕೆಳಗೆ ಕೈ ಹಾಕಲು ಜಾಗವೇ ಇಲ್ಲದ ದೋಣಿಯ ಎಂಜಿನ್‌ಗಳಲ್ಲೂ ಆಯಿಲನ್ನು ಹೀಗೆ ಮೇಲಿನಿಂದಲೇ ತೆಗೆಯುತ್ತಾರೆ.

ಭಾನುವಾರ ಬೆಳಿಗ್ಗೆ ಕಾರನ್ನು ಮುಳಬಾಗಿಲು ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ತಂದು ಸಮತಟ್ಟಾದ ಕಡೆ ನಿಲ್ಲಿಸುತ್ತೇನೆ. ಎಂಜಿನ್ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಬಿಡುತ್ತೇನೆ. ಮೇಲಿದ್ದ ಆಯಿಲೆಲ್ಲ ಚೇಂಬರಿಗೆ ಇಳಿಯಬೇಕು. ಕುದಿಯುವಷ್ಟು ಬಿಸಿಯಿದ್ದರೆ ಕೊಳವೆ ಮೆತ್ತಗಾಗುತ್ತದೆ, ಕೈಯೂ ಸುಡುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇರುವ ಪೈಪಿನ ಬಾಯಿಯ ಧೂಳು ಒರೆಸಿ, ಸಣ್ಣ ಕೊಳವೆ ಇಳಿಸುತ್ತೇನೆ. ಕೈಗೆ ಗ್ಲೌಸ್ ಇರಲೇಬೇಕು, ಹಳೆ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಕೊಳವೆ ಎಷ್ಟು ಇಳಿಸಬೇಕು? ಎಲ್ಲಾ ಇರುವುದು ಇಲ್ಲೇ. ಕಡಿಮೆ ಇಳಿದರೆ ತಳದ ಆಯಿಲ್ ಉಳಿಯುತ್ತದೆ. ಜಾಸ್ತಿ ಇಳಿದರೆ ತಳಕ್ಕೆ ತಾಗಿ, ಬಳುಕಿ, ತುದಿ ಮತ್ತೆ ಮೇಲಕ್ಕೆ ಏಳುತ್ತದೆ. ಮೊದಲನೇ ಸಲ ನನಗೆ ಆಗಿದ್ದು ಇದೇ. ಗೊರಗೊರ ಶಬ್ದ ಬಂತು. ಗಾಳಿ ಬರ್ತಿದೆ, ಮುಗೀತು ಅಂದುಕೊಂಡೆ. ಟ್ಯಾಂಕ್ ನೋಡಿದರೆ ಒಂದೂವರೆ ಲೀಟರ್ ಅಷ್ಟೇ. ನಮ್ಮ ಕಾರಿನ ಪುಸ್ತಕದಲ್ಲಿ ಫಿಲ್ಟರ್ ಸೇರಿ 3.1 ಲೀಟರ್ ಅಂತ ಇದೆ. ಡಿಪ್‌ಸ್ಟಿಕ್ಕಿನ ಗುರುತು ನೋಡದೆ ಹೊಸ ಆಯಿಲ್ ಪೂರ್ತಿ ಸುರಿದಿದ್ದರೆ ಎಂಜಿನ್‌ಗೆ ಒಂದೂವರೆ ಲೀಟರ್ ಹೆಚ್ಚಿಗೆ ಹೋಗುತ್ತಿತ್ತು. ಅಷ್ಟು ತುಂಬಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮೊಸರು ಕಡೆದ ಹಾಗೆ ಕಡೆಯುತ್ತದೆ. ನೊರೆ ಎದ್ದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ.

ಕೊಳವೆಯನ್ನು ನಾಲ್ಕು ಬೆರಳಿನಷ್ಟು ಮೇಲೆ ಎಳೆದು, ತಿರುಗಿಸಿ, ಮತ್ತೆ ನಿಧಾನಕ್ಕೆ ಬಿಟ್ಟೆ. ತಳಕ್ಕೆ ಮೆಲ್ಲಗೆ ತಾಗಿದ್ದು ಬೆರಳಿಗೆ ಗೊತ್ತಾಯಿತು. ಆಮೇಲೆ ಬಂತು ನೋಡಿ, ಕಪ್ಪಗೆ, ಒಂದೇ ಸಮನೆ. ಅವತ್ತೇ ಆ ಅಳತೆಗೆ ಕೊಳವೆಯ ಮೇಲೆ ಕೆಂಪು ಟೇಪ್ ಸುತ್ತಿದೆ. ಈಗಲೂ ಆ ಟೇಪೇ ನನಗೆ ಆಧಾರ.

ತಳದಲ್ಲಿ ನಿಜವಾಗಿ ಎಷ್ಟು ಉಳಿಯುತ್ತೆ ಅಂತ ತಿಳಿಯದೆ ಸಮಾಧಾನ ಆಗಲಿಲ್ಲ. ಆ ಮೊದಲ ಸಲ ಡ್ರೈನ್ ಬೋಲ್ಟನ್ನೂ ಬಿಚ್ಚಿ ನೋಡಿದೆ. ಒಂದು ಕಾಫಿ ಲೋಟದಷ್ಟು ಬಂತು. ಮರುವರ್ಷ ಕೊಳವೆಯ ತುದಿಯನ್ನು ಅತ್ತ ಇತ್ತ ಆಡಿಸಿ ಎಳೆದು, ಮತ್ತೆ ಬೋಲ್ಟ್ ಬಿಚ್ಚಿದೆ. ಎರಡು ಮೂರು ಚಮಚ, ಅಷ್ಟೇ. ಈಗ ಮೂರು ಸಲಕ್ಕೊಮ್ಮೆ ಮಾತ್ರ ಬೋಲ್ಟ್ ಬಿಚ್ಚುತ್ತೇನೆ, ಹೊಸ ವಾಷರ್ ಹಾಕಿ. ತಳದಲ್ಲಿ ಕೂತ ಕೆಸರು, ಲೋಹದ ಪುಡಿ ಏನಾದ್ರೂ ಇದ್ದರೆ ಕಣ್ಣಿಗೆ ಕಾಣಬೇಕಲ್ವಾ. ಎಲ್ಲ ಕಾರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಕೆಲವು ಎಂಜಿನ್‌ನಲ್ಲಿ ಕೊಳವೆ ತಳದ ಆಳಕ್ಕೆ ಮುಟ್ಟುವುದೇ ಇಲ್ಲ. ನಿಮ್ಮ ಕಾರಿನಲ್ಲೂ ಒಂದು ಸಲ ಬೋಲ್ಟ್ ಬಿಚ್ಚಿ ಅಳೆದು ನೋಡಿ.

ಫಿಲ್ಟರ್‌ಗೆ ಹೇಗೂ ಕೆಳಗೆ ಹೋಗಬೇಕಲ್ಲ ಅಂತ ತಮ್ಮ ಕೇಳಿದ. ಹೌದು, ನಮ್ಮ ಕಾರಿನಲ್ಲಿ ಹೋಗಲೇಬೇಕು. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಇಳಿಯುತ್ತೇನೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ ಹೋಗಬೇಡಿ. ಆದರೆ ಅಷ್ಟು ಹೊತ್ತಿಗೆ ಎಂಜಿನ್ ಬರಿದಾಗಿರುತ್ತದೆ. ಮುಖದ ಮೇಲೆ ಬಿಸಿ ಆಯಿಲ್ ಸುರಿಯುವ ಭಯವಿಲ್ಲ. ಫಿಲ್ಟರಿನಲ್ಲಿ ಇದ್ದಷ್ಟು ಮಾತ್ರ ತಟ್ಟೆಗೆ ಬೀಳುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಒಂದಿಷ್ಟು ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿಯುತ್ತೇನೆ.

ಇನ್ನೊಂದು ಮಾತು. ಇದೇ ಪಂಪಿನಿಂದ ಪೆಟ್ರೋಲ್ ತೆಗೆಯಲು ಹೋಗಬೇಡಿ, ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಬ್ರೇಕ್ ಆಯಿಲ್‌ಗೂ ಇದು ಬೇಡ, ಅದಕ್ಕೆ ಬೇರೆಯೇ ಇಟ್ಟುಕೊಳ್ಳಿ.

ನನಗೆ ಈ ಟ್ಯಾಂಕಿನ ಮೇಲೆ ಪ್ರೀತಿ ಬಂದಿದ್ದು ಅದರ ಮುಚ್ಚಳದಿಂದ. ಹಳೆ ಆಯಿಲ್ ಒಳಗೇ ಇರುತ್ತದೆ, ನೆಲಕ್ಕೆ ಚೆಲ್ಲುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಸಾವಿರ ಅಡಿ ಕೊರೆದು ನೀರು ಹುಡುಕಿದ ಊರು ನಮ್ಮದು. 2018ರಿಂದ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ನೀರು ಬಂದು ಕೆರೆಗಳು ತುಂಬುತ್ತಿವೆ. ಇಂಥ ಕಡೆ ಮೂರು ಲೀಟರ್ ಕರಿ ಆಯಿಲ್ ಚರಂಡಿಗೆ ಬಿಡಲು ನನಗಂತೂ ಮನಸ್ಸು ಬರುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಬಳಸಿದ ಆಯಿಲ್ ಸೇರಿದೆ.

ಪಕ್ಕದ ಮನೆಯ ತಾತ ಕೊಟ್ಟಿಗೆ ಕಂಬಕ್ಕೆ ಬಳಿಯಲು ಕೇಳಿದರು. "ಗೆದ್ದಲು ಹಿಡೀತಿದೆ ಕಣಪ್ಪ, ಸುಮ್ನೆ ಚೆಲ್ಲೋ ಬದಲು ನನಗೆ ಕೊಡು." ನಮ್ಮ ಕಡೆ ಕಂಬಕ್ಕೆ, ಸೆಂಟ್ರಿಂಗ್ ಹಲಗೆಗೆ ಬಳಿಯುವುದು ಹಳೆಯ ಅಭ್ಯಾಸ. "ಇಲ್ಲ ತಾತ, ಮಳೆ ಬಂದ್ರೆ ಅದು ಮಣ್ಣಿಗೇ ಇಳಿಯುತ್ತೆ, ಹಸುಗಳು ಬೇರೆ ಕಂಬ ನೆಕ್ಕುತ್ತವೆ" ಅಂದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ನೆಕ್ಕೋದು ನಿಜ" ಅಂದರು. ಮುಂದಿನ ವಾರ ಗೆದ್ದಲಿನ ಔಷಧಿ ನಾನೇ ತಂದುಕೊಟ್ಟೆ.

ಹಳೆ ಆಯಿಲನ್ನು ಹೊಸದು ಬಂದ ಡಬ್ಬಿಗೇ ತುಂಬಿ, ಪರಿಚಯದ ಗ್ಯಾರೇಜಿಗೆ ಒಯ್ಯುತ್ತೇನೆ. ಅಲ್ಲಿ ಬ್ಯಾರೆಲ್ ಇಟ್ಟಿದ್ದಾರೆ, ಪರವಾನಗಿ ಇರುವ ಮರುಸಂಸ್ಕರಣೆಯವರು ಬಂದು ಒಯ್ಯುತ್ತಾರೆ. ಸುರಿಯುವ ಮೊದಲು ಡಬ್ಬಿಯ ಗೆರೆ ನೋಡಿ, ಗ್ಲವ್ ಬಾಕ್ಸಿನಲ್ಲಿಟ್ಟ ಪುಸ್ತಕದಲ್ಲಿ ಬರೆಯುತ್ತೇನೆ: ತಾರೀಖು, ಕಿಲೋಮೀಟರ್, ಹೊರಗೆ ಬಂದದ್ದು 2.9, ಒಳಗೆ ಹೋದದ್ದು 3.0.