ಮರದ ನೆರಳನ್ನು ಬಟ್ಟೆಯಲ್ಲಿ ಹಿಡಿದದ್ದು

ರಸ್ತೆ ಅಗಲ ಮಾಡಲು ಮರ ಕಡಿಯುತ್ತಾರೆ ಎಂದು ಗೊತ್ತಾದಾಗ ಅಲ್ಲೇ ರಸ್ತೆಬದಿಯಲ್ಲಿ ಒಂದು ಕಲಾಕೃತಿ ಮಾಡೋಣ ಎಂದುಕೊಂಡೆವು. ನಮ್ಮ ಶಿಲ್ಪಕಲೆ ತರಗತಿಯಲ್ಲಿ ಎಲ್ಲರಿಗೂ ಮೊದಲು ಹೊಳೆದದ್ದು ಒಣಕೊಂಬೆ, ಕೊಡಲಿ, ಕೆಂಪು ಬಣ್ಣ. ಇದನ್ನೆಲ್ಲ ಜನ ಎಷ್ಟೋ ಸಲ ನೋಡಿದ್ದಾರೆ, ಅಲ್ವಾ? ಗ್ಯಾಲರಿಗೆ ಬರುವವರು ನೋಡಲೆಂದೇ ಬರುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಬಸ್ಸು ಹಿಡಿಯುವ ಆತುರ. ಮರ ಹೋದರೆ ಅವರಿಗೆ ನಿಜವಾಗಿ ಕಳೆದುಹೋಗುವುದು ಏನು ಎಂದು ಯೋಚಿಸಿದೆವು. ನೆರಳು. ಸರಿ, ಅದನ್ನೇ ಹಿಡಿಯೋಣ ಎಂದುಕೊಂಡೆವು.

ಅದಕ್ಕೆ ಬಳಸಿದ್ದು ಸಯನೋಟೈಪ್, ಅಂದರೆ ಬಿಸಿಲಿನಿಂದ ನೀಲಿ ಅಚ್ಚು ಮೂಡಿಸುವುದು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಹಿಂದೆ ಕಟ್ಟಡದ ನಕ್ಷೆಗಳ ನೀಲಿ ಪ್ರತಿ ತೆಗೆಯುತ್ತಿದ್ದದ್ದೂ ಇದರಿಂದಲೇ. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಬೇರೆ 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ಹತ್ತಿ ಬಟ್ಟೆಗೆ ಹಚ್ಚಿ, ಕತ್ತಲಲ್ಲಿ ಒಣಗಿಸಬೇಕು. ಮರದ ಕೆಳಗೆ ಹಾಸಿ ಬಿಸಿಲಿಗೆ ಒಡ್ಡಿ ನೀರಲ್ಲಿ ತೊಳೆದರೆ ಬೆಳಕು ಬಿದ್ದ ಕಡೆ ನೀಲಿ, ನೆರಳಿದ್ದ ಕಡೆ ಬಿಳಿ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಮೊದಲೇ ಒಗೆದುಕೊಳ್ಳಿ. ಅಚ್ಚು ಬಿದ್ದ ಮೇಲೆ ಮಾತ್ರ ಸೋಪು ತಾಗಿಸಬೇಡಿ, ನೀಲಿ ಕಳೆಗುಂದುತ್ತದೆ. ಕೈಗವಸು ಬೇಕೇ ಬೇಕು.

ಮಜಾ ಇರುವುದು ನೆರಳಿನಲ್ಲಿ. ಅದು ಒಂದು ಕಡೆ ನಿಲ್ಲುವುದೇ ಇಲ್ಲ. ಗಂಟೆಗೆ 15 ಡಿಗ್ರಿಯಷ್ಟು ಸೂರ್ಯ ಸರಿಯುತ್ತಾನೆ. ಬಟ್ಟೆ ಹತ್ತು ನಿಮಿಷ ಬಿಸಿಲಿನಲ್ಲಿದ್ದರೂ, ಹತ್ತು ಮೀಟರ್ ಎತ್ತರದ ಎಲೆಯ ನೆರಳು ಅಷ್ಟರಲ್ಲಿ ಒಂದು ಅಡಿಗೂ ಜಾಸ್ತಿ ಸರಿದಿರುತ್ತದೆ. ಸೂರ್ಯ ಬರೀ ಚುಕ್ಕಿಯೂ ಅಲ್ಲ. ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಎತ್ತರದಿಂದ ಬಿದ್ದ ನೆರಳಿಗೆ ಅಂಚೇ ಇರುವುದಿಲ್ಲ. ನಮ್ಮ ಬಟ್ಟೆಯಲ್ಲಿ ಕಾಂಡ, ತಗ್ಗಿನ ಕೊಂಬೆ ಗುರುತು ಸಿಗುವಂತೆ ಬಂದವು. ಮೇಲಿನ ಎಲೆಗಳೆಲ್ಲ ಕಲಸಿ ಹೋಗಿ ಬರೀ ತಿಳಿನೀಲಿ ಮಬ್ಬು. ಉದುರಿದ ಎಲೆಗಳನ್ನು ಬಟ್ಟೆಯ ಮೇಲೇ ಇಟ್ಟರೆ ಚಂದವಾಗಿ ಮೂಡುತ್ತವೆ ಎಂದು ಕೆಲವರು ವಾದಿಸಿದರು. ಮೂಡುತ್ತವೆ, ನಿಜ. ಆದರೆ ಅದು ಎಲೆಯ ಚಿತ್ರ, ಆ ಮರದ ನೆರಳಲ್ಲ. ನಾನು ಮಬ್ಬಿನ ಪರವೇ ಇದ್ದೆ. ಕೊನೆಗೆ ಹಾಗೇ ಬಿಟ್ಟೆವು.

ತೂಗುಹಾಕುವ ಮೊದಲು ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡಿಕೊಂಡೆವು. ನ್ಯೂಯಾರ್ಕಿನ ಚೌಕವೊಂದರಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ನಿಲ್ಲಿಸಿದ ಉದ್ದನೆಯ ಉಕ್ಕಿನ ಗೋಡೆಯನ್ನು 1989ರಲ್ಲಿ ಕಿತ್ತುಹಾಕಿದರು. ಅಲ್ಲಿ ಕೆಲಸ ಮಾಡುವವರ ದೊಡ್ಡ ದೂರು, ದಿನಾ ಅದನ್ನು ಸುತ್ತಿಕೊಂಡು ಓಡಾಡಬೇಕು ಎಂಬುದು. ಸೆರಾ ಅವರಿಗೆ ಬೇಕಿದ್ದದ್ದೂ ಆ ಅಡ್ಡಿಯೇ ಇರಬಹುದು. ನಮಗೆ ಬೇಡವಾಗಿತ್ತು. ಬಟ್ಟೆಗಳನ್ನು ತಲೆಗೆ ತಾಗದ ಎತ್ತರದಲ್ಲಿ ಕಟ್ಟಿದೆವು. ಮರಕ್ಕೆ ಮೊಳೆ ಹೊಡೆಯದೆ ಅಗಲವಾದ ಪಟ್ಟಿ ಸುತ್ತಿದೆವು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಅದಕ್ಕೇ ಕೆಳಗಿನ ಅಂಚನ್ನು ಮಡಚಿ ಹೊಲಿದು ಒಳಗೆ ಭಾರಕ್ಕೆ ಪೈಪು ತೂರಿಸಿದೆವು.

ವಿವರಣೆಯ ಫಲಕ ಹಾಕಲಿಲ್ಲ. ಬಟ್ಟೆಯ ಮೂಲೆಯಲ್ಲಿ ನೆರಳು ಹಿಡಿದ ದಿನ, ಹೊತ್ತು, ಅಷ್ಟೇ. "ಇದೇನು ಮೋಡವಾ?" ಎಂದು ಜನ ಕೇಳುತ್ತಿದ್ದರು. ಮರ ತೋರಿಸಿದರೆ ಸಾಕು, ಮಾತು ತಾನಾಗಿಯೇ ಮುಂದುವರಿಯುತ್ತಿತ್ತು.

ಮರಗಳು ಹೋದ ಮೇಲೆ ಬಟ್ಟೆಗಳನ್ನು ಅಲ್ಲೇ ಕಂಬಗಳಿಗೆ ಕಟ್ಟಿದೆವು. ಬಿಸಿಲಿಗೆ ನೀಲಿ ದಿನೇ ದಿನೇ ಮಾಸತೊಡಗಿತು. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, "ಸುಮ್ನೆ ಯಾಕೆ ಹಿಂಗೆ ನೇತಾಡ್ಸಿದೀರಿ? ಅಡ್ಡ ಕಟ್ರಪ್ಪಾ, ನಮಗೆ ನೆರಳಾದ್ರೂ ಆಗುತ್ತೆ" ಎಂದರು. ನಮ್ಮ ಯಾರ ತಲೆಗೂ ಹೋಗಿರಲಿಲ್ಲ ಅದು! ಎರಡು ಬಟ್ಟೆಗಳನ್ನು ಹಾಗೇ ಅಡ್ಡ ಬಿಗಿದೆವು. ನೀವೂ ಕಟ್ಟುವುದಾದರೆ ಒಂದು ಬದಿ ತಗ್ಗಿಸಿ ಕಟ್ಟಿ, ಇಲ್ಲದಿದ್ದರೆ ಮಳೆ ನೀರು ನಡುವೆ ನಿಂತು ಬಟ್ಟೆ ಜೋತುಬೀಳುತ್ತದೆ.